ಟಾಂಕಿ ನೀರಿನ ಬಣ್ಣ

ಸಾಕ್ಸಿನ ತೂತಿನಲ್ಲಿ ಹೆಬ್ಬೆರಳು ಕಾಣುತ್ತಿದೆ, ಶೂ ಬಾಗಿಲ ಹೊರಗೆ ಬಿಟ್ಟು ಬಂದಿದ್ದಾನೆ ಈ ಇಂಜಿನಿಯರ್ ಡ್ಯಾರಿಲ್, ಹೇಳಿದರೆ ನಾಚಿಕೊಂಡಾನು, ಬೇಡ, ಬೆಳಿಗ್ಗೆ ಕಾರ್ಕಳದ ಆಸ್ಪತ್ರೆಯಲ್ಲಿದ್ದನಂತೆ, ಮಣಿಪಾಲದ ಮನೆಗೂ ಹೋಗದೆ ನೇರ ನಮ್ಮ ಕಾಪುವಿಗೆ ಬಂದದ್ದು, ಡಯಾಲಿಸಿಸ್ ಮಿಷನ್ನಿಗೆ ನೀರು ಏರುವುದಿಲ್ಲ ಅಂತ ಇಲ್ಲಿಯ ಸೆಂಟರಿನವರು ಫೋನು ಮಾಡಿದ ಮೇಲೆ — ಮೋಟಾರು ಸರಿಯಾಯಿತು, ಸದ್ದು ಕೇಳುತ್ತಿದೆ, ಆದರೂ ಶುರು ಮಾಡಿ ಅಂತ ಹೇಳುವುದಿಲ್ಲ, ಇವನು ಹೇಳದೆ ಶುರು ಮಾಡುವ ಹಾಗಿಲ್ಲ, ಪಕ್ಕದಲ್ಲಿ ಶೇಖರ ಉಸಿರೆಳೆಯುತ್ತಾನೆ, ನನ್ನ ತಮ್ಮ, ಕಾಲು ಊದಿ ಚಪ್ಪಲಿ ಹಿಡಿಯುವುದಿಲ್ಲ, ಮಲ್ಪೆಯಿಂದ ಮೀನಿನ ಲಾರಿ ಓಡಿಸಿದ ಕಾಲು, ಅಮ್ಮ ಗದ್ದೆಗೆ ಹೋಗುವಾಗ ಇವನನ್ನು ಎತ್ತಿಕೊಳ್ಳಲಿಕ್ಕೇ ನಾನು ಶಾಲೆ ಬಿಟ್ಟದ್ದು, ಹತ್ತಿಯ ಹಾಗಿದ್ದ ಆಗ, ಈಗ ಮೈ ತುಂಬ ನೀರು. ಎಂತ ಮಾರಾಯ ಡ್ಯಾರಿಲ್, ಮೋಟಾರಿಗೆ ಜಾತಕ ನೋಡ್ತಿಯಾ, ಉಸಿರಿಲ್ಲದಿದ್ದರೂ ಶೇಖರ ತಮಾಷೆ ಬಿಡ, ಡ್ಯಾರಿಲ್ ನಗುವುದಿಲ್ಲ, ಫಿಲ್ಟರಿನಿಂದ ಬಂದ ನೀರನ್ನು ಸಣ್ಣ ಗಾಜಿನ ಟ್ಯೂಬಿಗೆ ಹಿಡಿದ, ಒಂದು ಮಾತ್ರೆ ಹಾಕಿ ಅಲುಗಾಡಿಸಿದ, ನೀರು ಗುಲಾಬಿ ಆಯಿತು. ಗುಲಾಬಿ ಅಂದರೆ ಕ್ಲೋರಿನ್, ಟಾಂಕಿಗೆ ಯಾರು ಎಂತ ಹಾಕಿದ್ದು, ಅಂತ ಕೇಳಿದ. ನೆಲ ಒರೆಸುವ ಮೋಹಿನಿ ಮುಂದೆ ಬಂದಳು, ಬ್ಲೀಚಿಂಗ್ ಪೌಡರ್ ಸರ್, ಮಳೆ ಬಿಟ್ಟಿತಲ್ವಾ, ಬಾವಿಗೆ ಹಾಕುವ ಹಾಗೆ ಹಾಕಿದೆ, ಕಾಯಿಲೆಯವರು ಅಂತ ಸ್ವಲ್ಪ ಜಾಸ್ತಿಯೇ — ಪಾಪ, ನಮ್ಮ ಬಾವಿಗೂ ಹಾಕುತ್ತೇವೆ, ಗಂಜಿಗೆ ಅದರ ವಾಸನೆ ಬರುತ್ತದೆ, ಅಷ್ಟೆ, ಯಾರಿಗೂ ಎಂತ ಆಗಿಲ್ಲ, ಅಂದೆ ನಾನು. ಕುಡಿದರೆ ಎಂತ ಆಗುವುದಿಲ್ಲ ಅಮ್ಮ, ಡ್ಯಾರಿಲ್ ನನ್ನೆದುರು ಕುಕ್ಕುರು ಕೂತ, ಇಲ್ಲಿ ಈ ನೀರು ರಕ್ತಕ್ಕೇ ತಾಗುವುದು, ರಕ್ತ ಒಡೆಯುತ್ತದೆ, ಟಾಂಕಿ ಖಾಲಿ ಮಾಡಿ ಫಿಲ್ಟರ್ ಬದಲಿಸಬೇಕು, ನಾಳೆಯೇ ಆದೀತು, ಯಾವುದಕ್ಕೂ ಇರಲಿ ಅಂತ ಬರುವಾಗಲೇ ಉಡುಪಿಯಲ್ಲಿ ಒಂದು ಮಿಷನ್ ಖಾಲಿ ಇಡಿಸಿದ್ದೇನೆ, ಆಂಬುಲೆನ್ಸ್ ಹೊರಗೆ ಉಂಟು.

ಸೆಂಟರಿನ ಮ್ಯಾನೇಜರ್ ಬೊಬ್ಬೆ ಹಾಕುತ್ತಾನೆ, ಈ ಮನುಷ್ಯನ ಜೀವ ದಾರಿಯಲ್ಲಿ ಹೋದರೆ ನೀವು ಜವಾಬ್ದಾರಿಯಾ, ನಿಮ್ಮ ಕಂಪೆನಿಗೆ ಬರೆಯುತ್ತೇನೆ, ಬರೆಯಿರಿ ಸರ್ ಅಂದ ಡ್ಯಾರಿಲ್, ಮೆಲ್ಲಗೆ, ಟ್ಯೂಬು ಕೆಳಗಿಡದೆ. ಶೇಖರ ನನ್ನ ಸೆರಗು ಹಿಡಿದ, ಅಕ್ಕ, ಉಡುಪಿ ಮುಟ್ಟುವುದಿಲ್ಲ ನಾನು, ನೀನು ಹೇಳು ಅವನಿಗೆ, ಪ್ರಾಯ ಆದವರ ಮಾತು ತೆಗೆದು ಹಾಕುವವನಲ್ಲ ಅವನು. ಹೌದು, ಶುರು ಮಾಡಪ್ಪ ಅಂದರೆ ಮುಗಿಯಿತು, ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅವನು ಟ್ಯೂಬು ತೊಳೆದ, ಬೇರೆ ನಳ್ಳಿಯ ನೀರು ಹಿಡಿದ, ಇದಾದರೂ ಸರಿ ಇರಲಿ ಅಂತ ಅವನ ಮುಖದಲ್ಲೇ ಇತ್ತು, ಅಲುಗಾಡಿಸಿದ, ಗುಲಾಬಿ. ಏಳು ಶೇಖರ, ಹೋಗುವ, ಅಂದದ್ದು ನಾನೇ. ಅವನು ಎದ್ದ, ನನ್ನ ಮುಖ ನೋಡಲಿಲ್ಲ.

ಆಂಬುಲೆನ್ಸ್ ಕಟಪಾಡಿ ದಾಟಿತು, ಇನ್ನು ಉದ್ಯಾವರ, ಲಾರಿಗಳು ದಾರಿ ಬಿಡುವುದಿಲ್ಲ, ಶೇಖರನ ಎದೆ ಏರುತ್ತದೆ, ಇಳಿಯುವುದಕ್ಕೆ ಮೊದಲೇ ಮತ್ತೆ ಏರುತ್ತದೆ, ತುಟಿ ನೀಲಿಯಾ, ಇಲ್ಲ, ಕಿಟಕಿಯ ನೆರಳು, ನಾನು ಹೇಳಿದ್ದರೆ ಈಗ ಅಲ್ಲಿ ಕುರ್ಚಿಯಲ್ಲಿ ಆರಾಮ ಕಣ್ಣು ಮುಚ್ಚುತ್ತಿದ್ದನಾ, ಹೇಳಿದ್ದರೆ — ಟ್ಯೂಬು ತೊಳೆದ, ನೀರು ಹಿಡಿದ, ಗುಲಾಬಿ, ಉಸಿರೆಳೆ ಶೇಖರ, ಬಂತು, ಸೇತುವೆ ಬಂತು, ತೊಳೆದ, ಹಿಡಿದ, ಬೆಳಕಿಗೆ ಎತ್ತಿದ, ಗುಲಾಬಿ