ಕೆರೆ ಬಾಗಿಲಿನ ಸಹಿಗಳು

ಹುಣಸೆಬಂಡೆಯಲ್ಲಿ ನಾನು ಪಾಠ ಹೇಳಿದ್ದು ನಾಲ್ಕೇ ತಿಂಗಳು. ನಲವತ್ತಮೂರನೇ ಇಸವಿಯ ಡಿಸೆಂಬರಿನಿಂದ ಮುಂದಿನ ಮಾರ್ಚಿ ಕೊನೆಯವರೆಗೆ. ಈಗ ಐದು ವರ್ಷದಿಂದ ಹಲಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಖಾಯಂ ಆಗಿದ್ದೇನೆ. ಆದರೂ ಯಾರಾದರೂ, "ಮೆಹರುನ್ನೀಸಾ, ನೀವು ಪಾಠ ಹೇಳೋದು ಎಲ್ಲಿ ಕಲಿತ್ರಿ?" ಎಂದು ಕೇಳಿದರೆ ಹುಣಸೆಬಂಡೆ ಎನ್ನುತ್ತೇನೆ. ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಂಟೋನ್ಮೆಂಟಿನಿಂದ ರೈಲಿನಲ್ಲಿ ಕೃಷ್ಣರಾಜಪುರಕ್ಕೆ ಹೋಗಿ, ಅಲ್ಲಿಂದ ಆರು ಮೈಲಿ ಬಂಡೆಗಳ ನಡುವೆ ನಡೆಯಬೇಕು. ಎತ್ತಿನ ಗಾಡಿ ಸಿಕ್ಕಿದರೆ ಪುಣ್ಯ.

ಅಲ್ಲಿನ ಮೇಷ್ಟ್ರು ರಾಮಾಂಜಿನಪ್ಪನವರು ಕಾಮಾಲೆಯಿಂದ ಮಲಗಿದ್ದರು. ಅವರ ಜಾಗಕ್ಕೆ ನಾಲ್ಕು ತಿಂಗಳ ಮಟ್ಟಿಗೆ ಯಾರನ್ನಾದರೂ ಕಳಿಸಬೇಕಿತ್ತು. ಹೋಗಲು ಯಾರೂ ಒಪ್ಪಲಿಲ್ಲ, ಹಾಗಾಗಿ ನನಗೆ ಸಿಕ್ಕಿತು. ನನಗಾಗ ಇಪ್ಪತ್ತು ವರ್ಷ. ರಸೆಲ್ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ನನ್ನ ತಂದೆ, ಅಬ್ಬಾ, ಸಿಪಾಯಿಗಳಿಗೆ ಖಾಕಿ ಹೊಲಿಯುತ್ತಿದ್ದರು. ಹನ್ನೆರಡು ವರ್ಷದವರೆಗೆ ಹೊಸಕೋಟೆಯಲ್ಲಿ ತಾಯಿಯ ತಾಯಿ ನಾನಿಯ ಮನೆಯಲ್ಲಿ ಬೆಳೆದು ಕನ್ನಡ ಶಾಲೆಗೆ ಹೋಗಿದ್ದರಿಂದ ನನಗೆ ಕನ್ನಡ ಉರ್ದುವಿನಷ್ಟೇ ಸಲೀಸು. ಅಬ್ಬಾ ಒಂದು ವಾರ ಮಾತಾಡಲಿಲ್ಲ. ಕೊನೆಗೆ, "ಆಬಿದಾ ಜೊತೆಗೆ ಬಂದರೆ ಹೋಗು," ಎಂದರು. ಆಬಿದಾ ನನ್ನ ತಾಯಿಯ ತಂಗಿ, ನನಗೆ ಖಾಲಾ. ಅಬ್ಬಾ ಮಾತು ಮುಗಿಸುವುದರೊಳಗೆ ಆಕೆ ಟ್ರಂಕು ತೆರೆದಾಗಿತ್ತು.

ನಾವು ಊರಿಗೆ ಕಾಲಿಟ್ಟಾಗ ಜನ ಸುತ್ತ ನಿಂತು ನೋಡಿದರು. ಊರ ಹಿರಿಯ ಮುನಿಕೃಷ್ಣಪ್ಪನವರು, ಅರವತ್ತು ದಾಟಿದ ಎತ್ತರದ ಆಳು, ನನ್ನ ಕೈಯಿಂದ ನೇಮಕದ ಕಾಗದ ಇಸಿದುಕೊಂಡು ಗಂಭೀರವಾಗಿ ಮೇಲಿನಿಂದ ಕೆಳಗೆ ಕಣ್ಣಾಡಿಸಿದರು.

"ಸಾಬರ ಹುಡುಗಿ ನಮ್ಮ ಮಕ್ಕಳಿಗೆ ಕನ್ನಡ ಹೇಳ್ಕೊಡ್ತೀಯೇನಮ್ಮಾ?"

"ಹೇಳ್ಕೊಡ್ತೀನಿ. ತಪ್ಪಾದ್ರೆ ನೀವೇ ತಿದ್ದಿ," ಎಂದೆ.

ಅವರು ಕಾಗದ ಮಡಿಸಿ ಕೊಟ್ಟರು. ಅದನ್ನು ಅವರು ತಲೆಕೆಳಗಾಗಿ ಹಿಡಿದಿದ್ದು ನನಗೆ ಕಂಡಿತ್ತು. ನಾನು ಬಾಯಿ ಬಿಡಲಿಲ್ಲ.

ಶಾಲೆ ಎಂದರೆ ಚಪ್ಪಡಿ ಹೊದಿಸಿದ ಒಂದೇ ಕೋಣೆ. ಹನ್ನೊಂದು ಮಕ್ಕಳು. ಶಾಲೆ ಶುರುವಾಗಿ ವರ್ಷವೂ ಆಗಿರಲಿಲ್ಲ, ಅದರಲ್ಲೂ ಮೇಷ್ಟ್ರು ಅರ್ಧ ದಿನ ಹಾಸಿಗೆಯಲ್ಲಿ. ಮಕ್ಕಳು ಇನ್ನೂ ಕಾಗುಣಿತದಲ್ಲೇ ಇದ್ದವು. ಬಂಡೆ ಒಡೆಯುವ ಕೆಲಸ, ರಾಗಿ ಹೊಲ, ಕುರಿ, ಇವುಗಳ ನಡುವೆ ಓದಿಗೆ ಅಲ್ಲಿ ಅಂಥ ಮರ್ಯಾದೆಯೇನೂ ಇರಲಿಲ್ಲ. ಮೊದಲ ತಿಂಗಳು ನಾನು ದಿನ ಎಣಿಸುತ್ತಿದ್ದೆ.

ನನ್ನನ್ನು ಹಿಡಿದು ನಿಲ್ಲಿಸಿದವಳು ಬೈರಮ್ಮ. ನಲವತ್ತರ ಹೆಂಗಸು, ಗಟ್ಟಿ ದನಿ. ನಮಗೆ ದಿನಾ ಒಂದು ಬಿಂದಿಗೆ ನೀರು ತಂದುಕೊಡುತ್ತಿದ್ದಳು. ನೀರಿಳಿಸಿ ಹೊಸ್ತಿಲ ಮೇಲೆ ಕೂತು ಮಕ್ಕಳ ಪಾಠ ಕೇಳುವಳು. ಒಂದು ದಿನ, "ಮೇಷ್ಟ್ರಮ್ಮಾ, ನಾನೂ ಬರ್ಕೊಳ್ಳಲಾ? ನಗ್ಬೇಡಿ ಮತ್ತೆ," ಎಂದಳು. ಸ್ಲೇಟು ಕೊಟ್ಟೆ. ವಾರದೊಳಗೆ ಇನ್ನೂ ನಾಲ್ವರು ಹೆಂಗಸರನ್ನು ಎಳೆದು ತಂದಳು. ಮಧ್ಯಾಹ್ನ ಊಟವಾದ ಮೇಲೆ ಅವರಿಗೆಂದೇ ಒಂದು ಗಂಟೆ ಇಟ್ಟೆ. ಗಂಡಸರು ದೂರದಿಂದ ನಗೆಚಾಟಿಕೆ ಮಾಡುತ್ತಿದ್ದರು. ಬೈರಮ್ಮ ತಲೆ ಎತ್ತದೆ ಬರೆಯುತ್ತಿದ್ದಳು.

ಅವಳಿಗೆ ಓದಿನ ಹುಚ್ಚು ಹಿಡಿಯಿತು. ಬೆಂಕಿಪೊಟ್ಟಣ, ಸೀಮೆಎಣ್ಣೆ ಡಬ್ಬ, ಸಂತೆಯಲ್ಲಿ ಬೆಲ್ಲ ಕಟ್ಟಿಕೊಟ್ಟ ಪೇಪರು, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದುವಳು. ಮಾರ್ಚಿ ಎರಡನೇ ವಾರದಲ್ಲಿ ಒಂದು ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದು ಸ್ಲೇಟನ್ನು ನನ್ನ ಮುಂದೆ ಹಿಡಿದಳು. ಅದರ ತುಂಬ ಓರೆಕೋರೆ ಅಕ್ಷರ.

"ಇದು ಬರಬಹುದು ಅಂತ್ಲೇ ಅಲ್ವಾ?"

ಕೊನೆಯ ಪದ ಹಾಗೇ ಇತ್ತು. "ಎಲ್ಲಿ ನೋಡಿ ಬರೆದೆ ಬೈರಮ್ಮ?"

"ಕೆರೆ ಹತ್ರ. ಮಿಲಿಟ್ರಿಯೋರ ಬೇಲಿ ಮೇಲೆ ಹಲಗೆ ಇದೆಯಲ್ಲ, ಅದ್ರಲ್ಲಿ. ಮೂರು ದಿನ ಮರದ ಮರೇಲಿ ನಿಂತು ಬರ್ಕೊಂಡೆ."

ನಾನು ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಮಿಲಿಟ್ರಿ ಬೇಲಿ ಮೇಲೆ ಬರಬಹುದು ಅಂತ ಯಾರು ಬರೀತಾರೆ? ಅದು ಬರಬಾರದು. ಎರಡಕ್ಕೂ ಐದೇ ಅಕ್ಷರ, ನೀನು ಕಣ್ತಪ್ಪಿ ಬರೆದಿದ್ದೀಯ."

ಅವಳು ಸ್ಲೇಟು ತಿರುಗಿಸಿ ಇನ್ನೊಮ್ಮೆ ನೋಡಿದಳು. "ಇಲ್ಲ ಮೇಷ್ಟ್ರಮ್ಮಾ. ನಾನೂ ಹಂಗೇ ಅನ್ಕೊಂಡು ನಾಕು ಸಾರಿ ನೋಡ್ದೆ. ನಾಕನೇದು ಹು, ರ ಅಲ್ಲ. ನಾನು ಬರ್ದಿರೋದು ಸರಿ. ಬನ್ನಿ, ನೋಡಿ ಬರೋಣ."

ದಾರಿಯಲ್ಲಿ ಅವಳ ಬಾಯಿಂದ ಎಲ್ಲ ತಿಳಿಯಿತು. ಹದಿನಾಲ್ಕು ತಿಂಗಳ ಹಿಂದೆ ಗುಡ್ಡದ ಆಚೆ ದಂಡು ಬಂದು ಇಳಿದಾಗ ಕೆರೆ ಸುತ್ತ ಮುಳ್ಳುತಂತಿ ಬಿಗಿದರು. ಮೊದಲ ವಾರ ಮುನಿಕೃಷ್ಣಪ್ಪನವರು ಎತ್ತಿಗೆ ನೀರು ಕುಡಿಸಲು ಹೋದಾಗ ಕಾವಲಿನ ಸಿಪಾಯಿ ಕೋವಿ ತೋರಿಸಿ ಓಡಿಸಿದ್ದ. ಆಮೇಲೆ ಹಲಗೆ ನೆಟ್ಟರು. ಮುನಿಕೃಷ್ಣಪ್ಪನವರೇ ಹೋಗಿ ನೋಡಿ ಬಂದು, ಬರಬಾರದು ಅಂತ ಬರೆದಿದೆ, ಮಕ್ಕಳುಮರಿ ಯಾರೂ ಆ ಕಡೆ ತಲೆ ಹಾಕಬೇಡಿ ಎಂದು ಊರಿಗೆಲ್ಲ, ಆಮೇಲೆ ಬಂದ ಮೇಷ್ಟ್ರಿಗೂ, ಹೇಳಿದ್ದರು. ಅಂದಿನಿಂದ ಹೆಂಗಸರು ಎರಡು ಮೈಲಿ ಆಚೆಯ ಬಾವಿಗೆ ಹೋಗಿ ನೀರು ಹೊರುತ್ತಿದ್ದರು. ಮೂರು ತಿಂಗಳು ನಾನು ಕುಡಿದದ್ದೂ ಅದೇ ನೀರು. ಎಲ್ಲಿಂದ ತರುತ್ತೀಯೆಂದು ಒಂದು ದಿನವೂ ಕೇಳಿರಲಿಲ್ಲ.

ಹಲಗೆ ದೂರದಿಂದಲೇ ಕಂಡಿತು. ಮೇಲೆ ಇಂಗ್ಲಿಷು, ನಡುವೆ ಉರ್ದು, ಕೆಳಗೆ ಕನ್ನಡ. ನಾನು ಮೂರನ್ನೂ ಓದಿದೆ. "ಊರಿನವರು ಬೆಳಿಗ್ಗೆ ಆರರಿಂದ ಎಂಟು ಗಂಟೆಯವರೆಗೆ ಬಾಗಿಲ ಪುಸ್ತಕದಲ್ಲಿ ಸಹಿ ಮಾಡಿ ನೀರಿಗೆ ಬರಬಹುದು."

ಅವಳ ಕಡೆ ತಿರುಗಿದೆ. "ಬೈರಮ್ಮ, ನೀನು ಓದಿದ್ದೇ ಸರಿ. ನಾನು ಹೇಳಿದ್ದು ತಪ್ಪು."

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಲಗೆಯನ್ನೇ ನೋಡುತ್ತ ನಿಂತಳು. ಆಮೇಲೆ ಊರ ಕಡೆ ತಿರುಗಿ ಓಡಿದಳು. ನಲವತ್ತರ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಊರಿನ ಅರ್ಧ ಜನ ಬಿಂದಿಗೆ ಹಿಡಿದು ಬಾಗಿಲ ಮುಂದೆ ನಿಂತೆವು. ಹವಾಲ್ದಾರ ಉತ್ತರದ ಕಡೆಯವನು, ಅಲ್ಲಿಗೆ ಬಂದು ಒಂದೇ ತಿಂಗಳಾಗಿತ್ತಂತೆ. ನಾನು ನಮ್ಮ ಗಲ್ಲಿಯ ದಖನಿ ಉರ್ದುವಿನಲ್ಲಿ ಶುರು ಮಾಡಿದೆ. ಅವನಿಗೆ ನಗು ಬಂತು. "ಇದು ಎಲ್ಲಿಯ ಉರ್ದು ಬಹೆನ್?" ಎಂದ.

"ಬೆಂಗಳೂರಿನದು. ಹಲಗೆ ಮೇಲಿರೋದು ನಿಮ್ಮ ಕಡೆಯ ಉರ್ದು, ಅದನ್ನಾದರೂ ಓದಿ," ಎಂದೆ.

ಅವನು ಹೊರಗೆ ಬಂದು, ತನ್ನ ಬಾಗಿಲ ಹಲಗೆಯನ್ನು ಮೊದಲ ಸಲ ಎಂಬಂತೆ ಓದಿ, ಒಳಗೆ ಸಾಹೇಬರನ್ನು ಕೇಳಿ ಬಂದ. ಕೈಯಲ್ಲಿ ಒಂದು ದಪ್ಪ ಪುಸ್ತಕ. ತೆರೆದರೆ ಒಂದು ಹಾಳೆಯ ಮೇಲೂ ಬರಹವಿರಲಿಲ್ಲ. "ದೊಡ್ಡವರು ಬರಲಿ, ಮಕ್ಕಳು ಬೇಡ. ಆದರೆ ಸಹಿ ಅಂದರೆ ಸಹಿ. ಹೆಬ್ಬೆಟ್ಟು ನಡೆಯಲ್ಲ. ಹೊರಗೆ ಬರುವಾಗ ಒಬ್ಬೊಬ್ಬರ ಹೆಸರು ಕೂಗಿ ಲೆಕ್ಕ ಹಿಡೀಬೇಕು, ಹೆಬ್ಬೆಟ್ಟನ್ನು ಹೇಗೆ ಕೂಗಲಿ? ನಮ್ಮಲ್ಲಿ ಕನ್ನಡದ ಗುಮಾಸ್ತ ಒಬ್ಬನಿದ್ದಾನೆ, ಅವನು ಓದ್ತಾನೆ."

ಎಷ್ಟು ಬೇಡಿದರೂ ಅವನು ಜಗ್ಗಲಿಲ್ಲ. ಅವತ್ತು ಒಳಗೆ ಹೋದವರು ಐವರೇ, ನನ್ನ ಮಧ್ಯಾಹ್ನದ ಐವರು ಹೆಂಗಸರು. ಬೈರಮ್ಮ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದು, ಸೊಂಟಕ್ಕೆ ಬಿಂದಿಗೆ ಏರಿಸಿ, ಹಿಂದೆ ನೋಡದೆ ಕೆರೆಗೆ ಇಳಿದಳು. ಉಳಿದವರು ತಂತಿಯ ಈಚೆ ನಿಂತು ನೋಡಿದರು. ನಗೆಚಾಟಿಕೆ ಮಾಡುತ್ತಿದ್ದವರ ಬಾಯಿಗೆ ಬೀಗ ಬಿದ್ದಿತ್ತು.

ಆ ಮಧ್ಯಾಹ್ನ ಶಾಲೆಯ ಮುಂದೆ ಜಾಗವಿರಲಿಲ್ಲ. ಅಜ್ಜಿಯರು, ಸೊಸೆಯರು, ಬಂಡೆ ಧೂಳು ತೊಳೆಯದೆ ಬಂದ ಗಂಡಸರು. ನನಗೆ ಉಳಿದಿದ್ದು ಹದಿನೇಳು ದಿನ. ಸ್ಲೇಟು ಸಾಲದೆ ಕಲ್ಲುಕೆಲಸದವರು ಚಪ್ಪಡಿ ತಂದು ಬಯಲಿನಲ್ಲಿ ಸಾಲಾಗಿ ಹಾಸಿದರು. ಇದ್ದಿಲು ತುಂಡಿನಲ್ಲಿ ಅದರ ಮೇಲೆ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಐವರು ಹೆಂಗಸರೂ ಮೇಷ್ಟ್ರಮ್ಮಂದಿರಾದರು. ಅಕ್ಕಯಮ್ಮನಂಥ ಸಣ್ಣ ಹೆಸರಿನವರು ನಾಲ್ಕು ದಿನದಲ್ಲಿ ಬರೆದು ಮೆರೆದರು. ಮುನಿಲಕ್ಷ್ಮಮ್ಮ ಮಾತ್ರ, "ನಮ್ಮಪ್ಪನಿಗೆ ಬೇರೆ ಹೆಸರೇ ಸಿಗಲಿಲ್ವಾ?" ಎಂದು ಅತ್ತೇಬಿಟ್ಟಳು. ಮುನಿನಾರಾಯಣಪ್ಪ ಎಂಬ ಮುದುಕರು ನನ್ನ ಹತ್ತಿರ ಬಂದು ಮೆಲ್ಲಗೆ, "ಮುನಿ ಅಂತ ಇಷ್ಟೇ ಸಾಕಲ್ವಾ ಮೇಷ್ಟ್ರಮ್ಮಾ? ಈ ವಯಸ್ಸಿಗೆ ಅಷ್ಟುದ್ದ ಯಾಕೆ?" ಎಂದರು.

"ಈ ಊರಲ್ಲಿ ಮುನಿಗಳು ಎಷ್ಟು ಜನ ಇದ್ದೀರಿ, ನೀವೇ ಹೇಳಿ," ಎಂದೆ. ಅವರು ಬೆರಳು ಮಡಿಸಿ ಎಣಿಸಿ, ನಿಟ್ಟುಸಿರು ಬಿಟ್ಟು, ಇದ್ದಿಲು ಎತ್ತಿಕೊಂಡರು.

ಮುನಿಕೃಷ್ಣಪ್ಪನವರು ಮಾತ್ರ ಬರಲಿಲ್ಲ. ಅವರ ಹೆಂಡತಿ ಗೋವಿಂದಮ್ಮ ಬಂದರು, ಸೊಸೆಯಂದಿರು ಬಂದರು, ಅವರು ಮನೆ ಬಿಟ್ಟು ಹೊರಗೇ ಕಾಣಲಿಲ್ಲ. ಊರಿನಲ್ಲಿ ಗುಸುಗುಸು ಶುರುವಾಗಿತ್ತು. ಹದಿನಾಲ್ಕು ತಿಂಗಳು ಎರಡೆರಡು ಮೈಲಿ ನೀರು ಹೊತ್ತ ಹೆಂಗಸರ ಸಿಟ್ಟು ಸಣ್ಣದಲ್ಲ.

ಒಂಬತ್ತು ದಿನ ಉಳಿದಿದ್ದಾಗ ಒಂದು ಬೆಳಿಗ್ಗೆ, ಮಕ್ಕಳು ಬರುವ ಮೊದಲು, ಅವರು ಶಾಲೆಗೆ ಬಂದರು. ಒಳಗೆ ಬರದೆ ಕಂಬ ಹಿಡಿದು ನಿಂತರು.

"ನನಗೆ ಓದೋಕೆ ಬರಲ್ಲ ಮೇಷ್ಟ್ರಮ್ಮಾ."

"ಗೊತ್ತು," ಎಂದೆ.

"ಯಾವಾಗಿಂದ?"

"ನಾನು ಬಂದ ದಿನದಿಂದ."

ಅವರು ಕಂಬದಿಂದ ಕೈ ತೆಗೆದು ಹೆಗಲ ವಸ್ತ್ರ ಸರಿಪಡಿಸಿಕೊಂಡರು. "ಕೋವಿ ತೋರಿಸ್ದೋರು ಬಾ ಅಂತ ಬರ್ದಾರೆ ಅಂತ ನಾನು ಕನಸಲ್ಲೂ ಅನ್ಕೊಳ್ಳಲಿಲ್ಲ. ಹಿರೀಕ ಅಂತ ಎಲ್ರೂ ನನ್ನ ಮುಖ ನೋಡ್ತಿದ್ರು. ಓದೋಕೆ ಬರಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಈಗ ಎಲ್ರ ಮುಂದೆ ಹೆಂಗೆ ಕೂತ್ಕೊಳ್ಳಲಿ?"

ಅಷ್ಟರಲ್ಲಿ ಅವರ ಹಿಂದಿನಿಂದ ಬೈರಮ್ಮನ ದನಿ ಕೇಳಿತು. ಬಿಂದಿಗೆ ಇಳಿಸಲು ಬಂದವಳು ಎಲ್ಲ ಕೇಳಿಸಿಕೊಂಡಿದ್ದಳು. ಈಗ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ.

"ಮಾವಾ, ಮಧ್ಯಾಹ್ನ ನನ್ನ ಪಕ್ಕ ಕೂತ್ಕೊ," ಎಂದಳು. "ಯಾರು ನಗ್ತಾರೋ ನೋಡೇಬಿಡ್ತೀನಿ."

ಯಾರೂ ನಗಲಿಲ್ಲ. ಅವರು ಗೋಡೆಗೆ ಮುಖ ಮಾಡಿ ಕೂತು ದಿನಕ್ಕೆ ನೂರು ಸಲ ತಮ್ಮ ಹೆಸರು ಬರೆದರು. ಕೃ ಬಂದರೆ ಷ್ಣ ಕೈಕೊಡುತ್ತಿತ್ತು, ಷ್ಣ ಬಂದರೆ ಕೊನೆಯ ಪ್ಪ. ಚಪ್ಪಡಿ ಸಾಲದೆ ಮನೆಯ ಹೊರಗೋಡೆಯ ತುಂಬ ಬರೆದರು. ಗೋವಿಂದಮ್ಮ ಅದನ್ನು ಸಾರಿಸಲು ಬಿಡಲಿಲ್ಲ.

ನನ್ನ ಕೊನೆಯ ದಿನದ ಬೆಳಿಗ್ಗೆ ಕೆರೆ ಬಾಗಿಲಲ್ಲಿ ಊರಿಗೆ ಊರೇ ಸಾಲುಗಟ್ಟಿತ್ತು. ರಾಮಾಂಜಿನಪ್ಪನವರೂ ಬಡಕಲಾಗಿ ಬಂದು ಬೆರಗಾಗಿ ನೋಡುತ್ತಿದ್ದರು. ಒಬ್ಬೊಬ್ಬರೇ ಬಗ್ಗಿ, ಉಸಿರು ಬಿಗಿಹಿಡಿದು ಬರೆದರು. ಮುನಿಲಕ್ಷ್ಮಮ್ಮ ಒಂದು ಒತ್ತನ್ನೂ ಬಿಡಲಿಲ್ಲ. ಮುನಿನಾರಾಯಣಪ್ಪನವರ ಹೆಸರು ಎರಡು ಸಾಲು ನುಂಗಿತು. ಕೊನೆಗೆ ಮುನಿಕೃಷ್ಣಪ್ಪನವರು. ಪೆನ್ನನ್ನು ಉಳಿ ಹಿಡಿದಂತೆ ಹಿಡಿದು ಒತ್ತಿ ಬರೆದರು, ಹಾಳೆ ಒಂದು ಕಡೆ ಹರಿಯಿತು. ಹವಾಲ್ದಾರ ಗದರಲಿಲ್ಲ. ಎದೆ ಸೆಟೆಸಿ ನಿಂತು ಅವರಿಗೊಂದು ಸಲ್ಯೂಟ್ ಹೊಡೆದ. ಅರವತ್ತಮೂರು ಸಹಿ. ಹೊರಗೆ ಬರುವಾಗ ಗುಮಾಸ್ತ ಒಂದೊಂದೇ ಹೆಸರು ಕೂಗಿದ, ಒಬ್ಬೊಬ್ಬರೂ ತುಂಬಿದ ಬಿಂದಿಗೆ ಹೊತ್ತು "ಬಂದೆ!" ಎಂದು ಉತ್ತರ ಕೊಟ್ಟರು. ತಮ್ಮ ಹೆಸರನ್ನು ಇನ್ನೊಬ್ಬ ಕಾಗದದಿಂದ ಓದಿ ಕೂಗಿದ್ದನ್ನು ಅವರಲ್ಲಿ ಹೆಚ್ಚಿನವರು ಅದೇ ಮೊದಲು ಕೇಳಿದ್ದು.

ಮಧ್ಯಾಹ್ನ ನಾನೂ ಖಾಲಾನೂ ಹೊರಟೆವು. ಗಾಡಿ ಕಟ್ಟಿದ್ದರು, ಆದರೆ ಮೂವತ್ತು ಜನ ಜೊತೆಗೆ ನಡೆದರೆ ನಾನು ಕೂತು ಹೋಗುವುದು ಹೇಗೆ? ಖಾಲಾ ಮತ್ತು ಟ್ರಂಕು ಗಾಡಿಯಲ್ಲಿ, ನಾನು ಜನರ ನಡುವೆ. ಆರು ಮೈಲಿ ಆರು ಹೆಜ್ಜೆಯಂತೆ ಮುಗಿಯಿತು.

ರೈಲು ಬರಲು ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸ್ಟೇಷನ್ನಿನ ದೊಡ್ಡ ಹಲಗೆ. ಎಲ್ಲರೂ ಅದರ ಮುಂದೆ ಗುಂಪುಗೂಡಿದರು. ಬೈರಮ್ಮ ಒಂದೊಂದೇ ಅಕ್ಷರ ಕೂಡಿಸಿ "ಕೃ, ಷ್ಣ, ರಾ, ಜ, ಪು, ರಂ," ಎಂದು ಗಟ್ಟಿಯಾಗಿ ಓದಿದಳು.

ಮುನಿಕೃಷ್ಣಪ್ಪನವರು ಜನರನ್ನು ತಳ್ಳಿಕೊಂಡು ಮುಂದೆ ಬಂದರು. ಕೋಲಿನಿಂದ ಮೊದಲ ಎರಡು ಅಕ್ಷರ ತೋರಿಸಿದರು. "ಇದು ನಂದು! ಕೃಷ್ಣ! ನನ್ನ ಹೆಸರಿಂದೇ ತಗೊಂಡವ್ರೆ!"

"ಕೊನೇ ಸೊನ್ನೆ ನಂದು," ಎಂದಳು ನನ್ನ ಮಧ್ಯಾಹ್ನದ ಐವರಲ್ಲಿ ಒಬ್ಬಳಾದ ವೆಂಕಟಮ್ಮ.

"ರಾ ನಂದು, ಹಲಗೆ ಬರೇ ನಿಮ್ಮದೇ ಅಲ್ಲ," ಎಂದು ಮುನಿನಾರಾಯಣಪ್ಪನವರು ಜಗಳಕ್ಕೇ ನಿಂತರು.

ಟಿಕೆಟ್ಟಿನ ಕಿಟಕಿಯಿಂದ ಸ್ಟೇಷನ್ ಮಾಸ್ಟರು ಗಾಬರಿಯಾಗಿ ಹೊರಗೆ ಬಂದರು. ಅವರಿಗೆ ಏನೂ ಅರ್ಥವಾಗಲಿಲ್ಲ. ರೈಲು ಬಂದು ನಿಂತಾಗಲೂ ಇವರ ಪಾಲುಪಟ್ಟಿ ಮುಗಿದಿರಲಿಲ್ಲ. ನಾನು ಹತ್ತಿ ಕಿಟಕಿಯಲ್ಲಿ ಕೂತೆ. ಅಳುತ್ತೇನೆ ಎಂದು ಖಾಲಾ ಕರವಸ್ತ್ರ ಹಿಡಿದು ಸಿದ್ಧವಾಗಿದ್ದಳು. ನನಗೆ ಬಂದದ್ದು ನಗು, ಹೊಟ್ಟೆ ಹುಣ್ಣಾಗುವಷ್ಟು ನಗು. ರೈಲು ಜಗ್ಗಿ ಹೊರಟಿತು. ಮೂವತ್ತು ಜನ ನನ್ನ ಕಡೆ ಕೈ ಬೀಸಿದರು, ಬೀಸಿ, ಮತ್ತೆ ಹಲಗೆಯ ಕಡೆಗೇ ತಿರುಗಿ ನಿಂತರು.