ಚೀಲಕ್ಕೂ ಬೆಂಕಿಗೂ ನಡುವೆ

ಮುಂಬಯಿಯ ಟ್ರಾಂಬೆಯಲ್ಲಿ ರಿಫೈನರಿ ಕಟ್ಟುತ್ತಿದ್ದ ವರ್ಷ ಚೆಂಬೂರಿನ ಸೀನ ವಿಷಮಜ್ವರದಿಂದ ತೀರಿಕೊಂಡ. ಅಸ್ಥಿಯನ್ನು ವಾಲ್ಕೇಶ್ವರದಲ್ಲಿ ಸಮುದ್ರಕ್ಕೆ ಬಿಡುವುದೆಂದಾಯಿತು. ಲೋಕಲ್ ರೈಲಿನಲ್ಲಿ ಹೋಗಬಹುದಿತ್ತು. ಅವನ ಹೆಂಡತಿ ವಾರಿಜಾ ಒಪ್ಪಲಿಲ್ಲ.

"ಅವರ ಗಾಡಿಯಲ್ಲೇ ಹೋಗ್ಲಿ," ಎಂದಳು ತಮ್ಮ ಮೋನಪ್ಪನಿಗೆ.

ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಮೋಟಾರ್‌ಸೈಕಲ್ ಅದು. ಸೀನ ಅದರ ಎರಡೂ ಬದಿಗೆ ಚರ್ಮದ ಚೀಲ ಇಳಿಬಿಟ್ಟು, ಅವುಗಳೊಳಗೆ ತಗಡಿನ ಡಬ್ಬಿ ಕೂರಿಸಿ, ಹೋಟೆಲಿನ ಇಡ್ಲಿಯನ್ನು ರಿಫೈನರಿಯ ಕೆಲಸಗಾರರಿಗೆ ಒಯ್ಯುತ್ತಿದ್ದ. ಮೋನಪ್ಪ ಬಲಬದಿಯ ಡಬ್ಬಿಯನ್ನು ತೆಗೆದು, ಬಟ್ಟೆ ಸುತ್ತಿದ ಅಸ್ಥಿಯ ಮಡಕೆಯನ್ನು ಅಲ್ಲಿಟ್ಟ. ಅಕ್ಕ ಹಿಂದೆ ಕೂತಳು.

ಬೈಕುಲ್ಲಾದ ಹತ್ತಿರ ಚರ್ಮ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ, ಡಬ್ಬಿಯ ಆಸರೆಯಿಲ್ಲದ ಚೀಲ ಜೋತುಬಿದ್ದು ಸೈಲೆನ್ಸರಿಗೆ ತಾಗಿತ್ತು. ತಳ ಕಪ್ಪಾಗಿ ಹೊಗೆಯಾಡುತ್ತಿತ್ತು. ಮೋನಪ್ಪ ಮಡಕೆಯನ್ನು ಹೊರತೆಗೆದ. ಬಟ್ಟೆಯ ಅಂಚು ಕಂದಿತ್ತು.

ವಾರಿಜಾ ಅದನ್ನು ಸೆರಗಿನಲ್ಲಿ ತೆಗೆದುಕೊಂಡಳು. "ಒಮ್ಮೆ ಸುಟ್ಟದ್ದು ಸಾಕಾಗ್ಲಿಲ್ವಾ ಮೋನು?"

ಮೋನಪ್ಪ ಗಾಡಿಯನ್ನು ರಸ್ತೆಯ ಬದಿಗೆ ತಳ್ಳಿದ.

ಎದುರಿಗೆ ಟ್ರಂಕು ಮಾಡುವ ಸಣ್ಣ ವರ್ಕ್‌ಶಾಪು ಇತ್ತು. ಮೋನಪ್ಪ ಹಿಂದಿಯಲ್ಲಿ ಶುರುಮಾಡಿದವನು, ಒಳಗಿನ ಮಾತು ಕೇಳಿ ಕನ್ನಡಕ್ಕೆ ತಿರುಗಿದ. ಅಂಗಡಿಯಾತ ಬೆಳಗಾವಿ ಕಡೆಯ ಮುರಿಗೆಪ್ಪ.

"ಅವ್ವನ ಕೈಯಾಗಿನ ಗಂಟಿನಾಗ ಏನೈತ್ರಿ?"

"ಭಾವನ ಅಸ್ಥಿ ಮಾರಾಯ್ರೆ."

ಮುರಿಗೆಪ್ಪನ ಸುತ್ತಿಗೆ ನಿಂತಿತು. "ಅದನ್ನ ಒಳಗ ತರಬ್ಯಾಡ್ರಿ. ಹೊರಗ ಇರ್ರಿ, ನಾನ ಬರ್ತೀನಿ."

ವಾರಿಜಾ ಬಿಸಿಲಲ್ಲೇ ಫುಟ್‌ಪಾತಿನ ಅಂಚಿಗೆ ಕೂತು, ಮಡಕೆಯನ್ನು ಮಡಿಲಲ್ಲಿಟ್ಟುಕೊಂಡಳು. ಒಳಗಿನಿಂದ ಮುರಿಗೆಪ್ಪನ ಹೆಂಡತಿ ದಾನವ್ವ ನೀರಿನ ತಂಬಿಗೆ ಹಿಡಿದು ಬಂದಳು. ವಾರಿಜಾಳ ಬೋಳು ಕೊರಳನ್ನು ನೋಡಿ ಗಂಡನ ಕಡೆ ತಿರುಗಿದಳು.

"ಕೊರಳಾಗ ಲಿಂಗ ಕಟ್ಕೊಂಡು ಸೂತಕ ಅಂತೀರಲ್ಲ, ನಮಗೆಲ್ಲಿ ಸೂತಕ?"

ಮುರಿಗೆಪ್ಪ ತಲೆ ತಗ್ಗಿಸಿದ. ಒಳಗಿನಿಂದ ತಾನೇ ಕಂಬಳಿ ತಂದು ಕೆಲಸದ ಮೇಜಿನ ಮೇಲೆ ಹಾಸಿದ. "ತಪ್ಪಾತವ್ವಾ. ಇಲ್ಲಿಡು ಬಾ."

ಮೋನಪ್ಪ ಚೀಲದ ತಳಕ್ಕೆ ತಗಡು ಹೊಡೆದರೆ ಸಾಕು ಎಂದ. "ತಗಡೂ ಕಾಯ್ತೈತಲ್ರಿ? ನಡುವ ಗಾಳಿ ಆಡಬೇಕು," ಎಂದ ಮುರಿಗೆಪ್ಪ. ಸುಟ್ಟ ಜಾಗವನ್ನು ಕತ್ತರಿಸಿ ತೇಪೆ ಹಾಕಿದ. ಚೀಲ ಜೋಲದಂತೆ ಸರಳು ಬಗ್ಗಿಸಿ ಕೂರಿಸಿದ. ಸೈಲೆನ್ಸರಿಗೂ ಚೀಲಕ್ಕೂ ಮಧ್ಯೆ, ಎರಡನ್ನೂ ಮುಟ್ಟದ ಹಾಗೆ, ಒಂದು ತಗಡಿನ ಮರೆ ನಿಲ್ಲಿಸಿದ. ಆಮೇಲೆ ಇಂಜಿನ್ ಬಹಳ ಹೊತ್ತು ಓಡಿಸಿದರು.

"ಕೈ ಹಾಕಿ ನೋಡವ್ವಾ."

ವಾರಿಜಾ ಚೀಲದೊಳಗೆ ಕೈಯಿಟ್ಟಳು. ಬಿಸಿ ಇರಲಿಲ್ಲ. ಆದರೂ ಕೈ ತೆಗೆಯಲಿಲ್ಲ.

"ಕಡೇ ದಿನ ಮೈ ಕೆಂಡದ ಹಾಗೆ ಇತ್ತು," ಎಂದಳು. "ಒದ್ದೆ ಬಟ್ಟೆ ಹಾಕಿದೆ, ಹಾಕಿದೆ. ತಣಿಯಲೇ ಇಲ್ಲ."

ಸ್ಮಶಾನದಿಂದ ಗಂಡಸರು ಮರಳಿದಾಗಲೂ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ದಾನವ್ವ ಅವಳನ್ನು ಅಪ್ಪಿಕೊಂಡು ನಿಂತಳು. ಮಡಕೆಯನ್ನು ಮುರಿಗೆಪ್ಪನೇ ಎರಡೂ ಕೈಯಲ್ಲಿ ಎತ್ತಿ ತಂದು ಚೀಲದೊಳಗಿಟ್ಟು ಪಟ್ಟಿ ಬಿಗಿದ.

ವಾಲ್ಕೇಶ್ವರದಲ್ಲಿ ಉಬ್ಬರ ಏರುತ್ತಿತ್ತು. ತಮ್ಮನ ಕೈ ಹಿಡಿದು ವಾರಿಜಾ ಮೊಣಕಾಲುದ್ದದ ನೀರಿನ ತನಕ ಇಳಿದು, ಅಸ್ಥಿಯನ್ನು ತಾನೇ ಬಿಟ್ಟಳು.

ಹಿಂದಿರುಗುವಾಗ ಅವಳು ಬೈಕುಲ್ಲಾದಲ್ಲಿ ಗಾಡಿ ನಿಲ್ಲಿಸಲು ಹೇಳಿದಳು. ದಾನವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಾರಿಜಾಳತ್ತ ಮಣೆ ಸರಿಸಿದಳು. ಗಂಡ ಹೋದಂದಿನಿಂದ ಗಂಜಿಯ ನೀರಲ್ಲೇ ಇದ್ದ ವಾರಿಜಾ ಒಂದು ರೊಟ್ಟಿಯನ್ನು ಪೂರ್ತಿ ತಿಂದಳು.