ಹಮಾಲಿಯ ಬಲಗೈ

“ಬರ್ಲಿ... ಬರ್ಲಿ... ಇನ್ನೂ ಬರ್ಲಿ... ಹಾಂ, ಸಾಕು ಅಣ್ಣ, ಸಾಕು!”

ಮೆಕ್ಯಾನಿಕ್ ವ್ಯಾನಿನ ಹಿಂದೆ ನಿಂತು, ಎಣ್ಣೆಬಟ್ಟೆ ಹಿಡಿದ ಕೈಯನ್ನು ತಲೆಯ ಮೇಲೆತ್ತಿ ಬೀಸುತ್ತಿದ್ದ. ಡ್ರೈವರ್ ಪಕ್ಕದ ಕನ್ನಡಿಯಲ್ಲಿ ಆ ಬಟ್ಟೆಯನ್ನೇ ನೋಡುತ್ತ, ಪೊಲೀಸ್ ವ್ಯಾನನ್ನು ಇಂಚಿಂಚಾಗಿ ಹಿಂದಕ್ಕೆ ತಂದು ಶೆಡ್ಡಿನ ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದ. ಅರ್ಧ ಆಯುಷ್ಯವನ್ನು ಸ್ಟೀರಿಂಗ್ ಹಿಂದೆಯೇ ಸವೆಸಿದವನಿಗೆ ಇದೇನೂ ದೊಡ್ಡ ವಿದ್ಯೆಯಲ್ಲ. ಕೆಳಗಿಳಿದು ಹಿಂದಕ್ಕೆ ಬಂದಾಗ ಮೆಕ್ಯಾನಿಕ್ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಅದೇ ಕೈಯಲ್ಲಿ ಚಾವಣಿಯ ಸೋರುವ ಜಾಗವನ್ನು ತೋರಿಸುತ್ತ ಗುತ್ತಿಗೆದಾರನ ವಂಶವನ್ನೆಲ್ಲ ಬಯ್ಯುತ್ತಿದ್ದ. ಡ್ರೈವರ್ ಅವನ ಎದುರಿಗೆ ನಿಂತ. ನಿಂತವನು ಹಾಗೇ ನಿಂತುಬಿಟ್ಟ.

ಕನ್ನಡಿಯಲ್ಲಿ ಆ ಎಣ್ಣೆಬಟ್ಟೆ ತನ್ನ ಬಲಗಡೆಗಿತ್ತು. ಈಗ ಎದುರು ನಿಂತು ನೋಡಿದರೆ ಎಡಗಡೆಗಿದೆ. ಮೆಕ್ಯಾನಿಕ್ ಕೈ ಬದಲಾಯಿಸಿರಲಿಲ್ಲ.

“ಅದು ನಿನ್ನ ಯಾವ ಕೈಯೋ?”

“ಯಾವ ಕೈ ಅಂದ್ರೆ? ಸ್ಪ್ಯಾನರ್ ಹಿಡಿಯೋ ಕೈ. ಬಲಗೈ. ಯಾಕಣ್ಣ, ಹುಷಾರಿಲ್ವಾ?”

ಡ್ರೈವರ್ ಹಳೆಯ ಟೈರೊಂದರ ಮೇಲೆ ಕುಸಿದು ಕೂತ. ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಮಂಡಿ ಬೀದಿಯಲ್ಲಿ ಯಾರೋ ಯಾರಿಗೋ ಮೂಟೆ ಎತ್ತುವ ಕೊಕ್ಕೆಯಿಂದ ಹೊಡೆದು ಓಡಿಹೋಗಿದ್ದರು. ಹುಡುಕಲು ಹೊರಟ ವ್ಯಾನು ಗೋದಾಮಿನ ತಿರುವಿನಲ್ಲಿ ನಿಂತಿತು. ಇನ್‌ಸ್ಪೆಕ್ಟರ್ ಸಾಹೇಬರೂ ಒಬ್ಬ ಪೇದೆಯೂ ಇಳಿದು ಹಿಂದಕ್ಕೆ ಹೋದರು. ಡ್ರೈವರ್ ಇಳಿಯಲಿಲ್ಲ, ಇಳಿಯುವ ಹಾಗೂ ಇರಲಿಲ್ಲ. ಇಂಜಿನ್ ಆರಿಸಬಾರದು, ಸೀಟು ಬಿಡಬಾರದು ಎನ್ನುವುದು ಪೊಲೀಸ್ ಡ್ರೈವರನಿಗೆ ಮೊದಲ ದಿನವೇ ಕಲಿಸುವ ಪಾಠ. ಅವನು ಕನ್ನಡಿ ನೋಡಿದ. ಕೆಲಸ ಮುಗಿಸಿದ ಹಮಾಲಿಯೊಬ್ಬ ವ್ಯಾನಿನ ಕಡೆಗೇ ನಡೆದು ಬರುತ್ತಿದ್ದ, ಸೊಂಟದಲ್ಲಿ ಕೊಕ್ಕೆ. ಸಾಹೇಬರು ಪಿಸ್ತೂಲು ತೆಗೆದು “ಕೈ ಎತ್ತು” ಎಂದು ಕೂಗಿದರು. ಆತ ಕೈಯೆತ್ತಿದ. ಒಂದೇ ಕೈ, ಖಾಲಿ ಕೈ, ಐದೂ ಬೆರಳು ಬಿಡಿಬಿಡಿಯಾಗಿದ್ದವು. “ಎರಡೂ ಕೈ! ಎರಡೂ ಕೈ!” ಎಂದು ಸಾಹೇಬರು ಮತ್ತೆ ಕೂಗಿದರು. ಇನ್ನೊಂದು ಕೈ ಸೊಂಟದ ಪಕ್ಕದಲ್ಲೇ ಇಳಿಬಿದ್ದಿತ್ತು. ಆಮೇಲೆ ಗುಂಡಿನ ಸದ್ದು.

ಕೊಕ್ಕೆ ಎತ್ತಿ ಮೈಮೇಲೆ ಬಂದ, ಬೇರೆ ದಾರಿಯಿರಲಿಲ್ಲ ಎಂದು ಸಾಹೇಬರು ಬರೆದರು. ಪೇದೆಯೂ ಅದನ್ನೇ ಬರೆದ. ಡ್ರೈವರನಿಗೂ ಅದನ್ನೇ ಬರೆಯಲು ಹೇಳಿದರು. ಆದರೆ ಅವನ ಪೆನ್ನು ಏಳಲಿಲ್ಲ. ಅವನೇನು ದೊಡ್ಡ ಸತ್ಯವಂತನೆಂದಲ್ಲ. ಪೆಟ್ರೋಲ್ ಲೆಕ್ಕದಲ್ಲಿ ಎಲ್ಲರಂತೆ ಅವನೂ ಕೈಯಾಡಿಸಿದವನೇ. ಆದರೆ ಕಣ್ಣು ಮುಚ್ಚಿದರೆ ಆ ಬೆರಳುಗಳು ಕಾಣುತ್ತಿದ್ದವು. ಕೈಯಲ್ಲಿ ಏನೂ ಇರಲಿಲ್ಲ ಎಂದು ಬರೆದುಕೊಟ್ಟ.

ಅಂದಿನಿಂದ ಪೊಲೀಸ್ ಕ್ವಾರ್ಟರ್ಸಿನಲ್ಲಿ ಅವನ ಮನೆಯ ಮುಂದೆ ಜನ ಚಪ್ಪಲಿ ಸದ್ದು ಮಾಡದೆ ನಡೆಯತೊಡಗಿದರು. ಹೆಂಡತಿ ನಲ್ಲಿಗೆ ಹೋದರೆ ಉಳಿದ ಹೆಂಗಸರ ಮಾತು ಗಕ್ಕನೆ ನಿಲ್ಲುತ್ತಿತ್ತು. “ಊರಿಗೆಲ್ಲ ಇಲ್ಲದ ಉಸಾಬರಿ ನಿಮಗೊಬ್ಬರಿಗೆ ಬೇಕಿತ್ತಾ?” ಎಂದು ಕೆಲವು ದಿನ ಅತ್ತು, ಆಮೇಲೆ ಅಕ್ಕನ ಮನೆಗೆ ಹೋದಳು. ಹೋದವಳು ಫೋನಿನಲ್ಲಿ “ಊಟ ಆಯ್ತಾ” ಎಂದಷ್ಟೇ ಕೇಳುತ್ತಿದ್ದಳು. ಅವನನ್ನು ರಸ್ತೆಯ ಮೇಲಿನ ಕೆಲಸದಿಂದ ತೆಗೆದು, ಗಾಡಿ ತೊಳೆದು ನಿಲ್ಲಿಸುವ ಶೆಡ್ಡಿಗೆ ಹಾಕಿದರು. ಅಲ್ಲಿ ಅವನ ಜೊತೆ ಮಾತಾಡುತ್ತಿದ್ದವನು ಮೆಕ್ಯಾನಿಕ್ ಒಬ್ಬನೇ. ಉತ್ತರ ಕೊಡದ ಗಾಡಿಗಳ ಜೊತೆ ದಿನವಿಡೀ ಹರಟುವವನಿಗೆ ಡ್ರೈವರ್ ಅಷ್ಟೇನೂ ಭಾರವಾಗಲಿಲ್ಲ.

ಇದನ್ನೆಲ್ಲ ಅವನು ಹೇಗೋ ನುಂಗಿಕೊಂಡಿದ್ದ. ಯಾಕೆಂದರೆ ಆಗ ಹಮಾಲರ ಬೀದಿ ಅವನ ಕಡೆಗಿತ್ತು. ದಾರಿಯಲ್ಲಿ ಕಂಡವರು ನಿಂತು ತಲೆಬಾಗುತ್ತಿದ್ದರು. ಪೊಲೀಸರಲ್ಲೂ ಮನುಷ್ಯರಿದ್ದಾರೆ ಎಂದು ಯಾರೋ ಅವನ ಕಿವಿಗೆ ಬೀಳುವಂತೆಯೇ ಹೇಳಿದ್ದರು. ಸತ್ತವನ ಹೆಂಡತಿ ಇಸ್ತ್ರಿ ಅಂಗಡಿಯವಳು. ವಿಚಾರಣೆಯ ದಿನ ಬಾಗಿಲಲ್ಲಿ ಎದುರಾದಾಗ ಎರಡೂ ಕೈ ಜೋಡಿಸಿದ್ದಳು.

ಆ ದಿನವೇ ಎಲ್ಲ ಹಾಳಾಯಿತು. ಇಲಾಖೆಯ ವಕೀಲರು ಬೆಣ್ಣೆಯಂಥ ಮಾತಿನವರು.

“ನೀವು ಕಣ್ಣಾರೆ ಕಂಡಿದೀರಿ, ಅಲ್ವಾ?”

“ಹೌದು ಸರ್. ಅವನ ಮುಖ ನನ್ನ ಕಡೆಗೇ ಇತ್ತು.”

“ಸಂತೋಷ. ನಾನೇ ಆ ಮನುಷ್ಯ ಅಂದ್ಕೊಳ್ಳಿ. ಹೀಗೆ ನಿಮ್ಮ ಎದುರಿಗೆ ನಿಂತಿದೀನಿ. ಎತ್ತಿದ್ದು ಯಾವ ಕೈ? ಮುಟ್ಟಿ ತೋರಿಸಿ.”

ಅವನು ಕಂಡ ಕಡೆಗೇ ಕೈ ಚಾಚಿದ. ಬಲಗಡೆ ಕಂಡಿತ್ತು, ಬಲಗಡೆಗೇ ಚಾಚಿದ. ಅಲ್ಲಿ ಸಿಕ್ಕಿದ್ದು ಎದುರು ನಿಂತ ವಕೀಲರ ಎಡಗೈ. “ಎಡಗೈ. ಬರ್ಕೊಳ್ಳಿ” ಎಂದು ವಕೀಲರು ನಕ್ಕರು. ಹಿಂದೆಯೇ ವೈದ್ಯರನ್ನು ಕರೆಸಿದರು. ಹಿಂದೊಮ್ಮೆ ಲಾರಿಯಿಂದ ಮೂಟೆ ಬಿದ್ದು ಹಮಾಲಿಯ ಎಡಭುಜ ಮುರಿದಿತ್ತಂತೆ. ಕೂಡಿಕೊಂಡರೂ ಆ ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲವಂತೆ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿರದಿದ್ದವನು ಡ್ರೈವರ್ ಒಬ್ಬನೇ.

“ಏಳಲಾರದ ಕೈ ಎದ್ದಿದ್ದನ್ನ ನೋಡಿದ ಪುಣ್ಯಾತ್ಮರು ನೀವು” ಎಂದರು ವಕೀಲರು.

ಹಿಂದಿನ ಬೆಂಚಿನಲ್ಲಿ ಇಸ್ತ್ರಿಯವಳು ಎದ್ದು ನಿಂತಿದ್ದಳು. ಅವಳು ಅವನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅಪರಿಚಿತನೊಬ್ಬನನ್ನು ನೋಡುವಂತೆ ನೋಡಿ ಹೊರಗೆ ಹೋದಳು. ಸಾಹೇಬರು ನಿರ್ದೋಷಿಯಾದರು. ಡ್ರೈವರ್ ಮೊದಲಿಂದಲೂ ಇಲಾಖೆಯವನೇ, ಕೇಸು ಕೆಡಿಸಲೆಂದೇ ಬಂದು ಬೇಕಂತಲೇ ಎಡಗೈ ತೋರಿಸಿದ ಎಂಬ ಮಾತು ಬೀದಿಯಲ್ಲಿ ಹಬ್ಬಿತು. ಇಲಾಖೆಗೂ ಬೇಡವಾಗಿ, ಬೀದಿಗೂ ಬೇಡವಾಗಿ ಅವನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವುದನ್ನು ರೂಢಿಮಾಡಿಕೊಂಡ.

ಕನ್ನಡಿಯ ಮಾತು ವಿಚಾರಣೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಅವನಿಗೂ ಹೊಳೆಯಲಿಲ್ಲ. ಡ್ರೈವರನಿಗೆ ಕನ್ನಡಿ ಎಂದರೆ ಕನ್ನಡಿಯಲ್ಲ, ಬೆನ್ನಿಗಿರುವ ಕಣ್ಣು. ಕಣ್ಣಿಂದ ನೋಡಿದೆ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಶೆಡ್ಡಿನಲ್ಲಿ ಅದು ಹೊಳೆದ ಮರುದಿನ ಬೆಳಿಗ್ಗೆಯೇ ಅವನು ವಿಚಾರಣಾ ಕಚೇರಿಗೆ ಹೋದ. ಗುಮಾಸ್ತ ಪೂರ್ತಿ ಕೇಳಿಸಿಕೊಂಡ, ಕನ್ನಡಕ ಒರೆಸಿಕೊಂಡ.

“ಈಗ ಬಲಗೈ ಅಂತೀರಾ. ನಾಳೆ ಬಂದು ಕಾಲು ಎತ್ತಿದ್ದ ಅಂತೀರಾ. ತೀರ್ಪು ಆಗಿಹೋಯ್ತು ಸ್ವಾಮಿ. ಪಿಂಚಣಿ ಹತ್ತಿರ ಬಂದಿದೆ, ಸುಮ್ನೆ ಮನೆಗೆ ಹೋಗಿ ಮಲ್ಕೊಳ್ಳಿ.”

ಅವನು ಮನೆಗೆ ಹೋಗಿ ಮಲಗಲಿಲ್ಲ. ಶೆಡ್ಡಿಗೆ ಬಂದು ಮೆಕ್ಯಾನಿಕ್‌ನ ಸ್ವಂತ ವ್ಯಾನು ಕೇಳಿದ. ತರಕಾರಿ ಸಾಗಿಸಿ ಮುದಿಯಾದ, ಬಾಗಿಲಿಗೆ ಹಗ್ಗ ಕಟ್ಟಿದ ಗಾಡಿ ಅದು.

“ಎಲ್ಲಿಗೆ ಅಂತ ಕೇಳಲ್ಲ” ಎಂದ ಮೆಕ್ಯಾನಿಕ್, ಬೀಗದ ಕೈ ಕೊಡುತ್ತ. “ಕೇಳಿದ್ರೆ ಗೊತ್ತಾಗುತ್ತೆ. ಗೊತ್ತಾದ್ರೆ ನನ್ನ ಕೆಲಸಾನೂ ಹೋಗುತ್ತೆ. ಎರಡನೇ ಗೇರ್ ಸ್ವಲ್ಪ ಮೊಂಡು, ನಯವಾಗಿ ಹಾಕಣ್ಣ.”

ಹಮಾಲರ ಬೀದಿಗೆ ವ್ಯಾನು ತಿರುಗಿದಾಗ ಬಿಸಿಲು ಇನ್ನೂ ಇತ್ತು. ಸಮವಸ್ತ್ರ ಹಾಕದೆ ಬಂದಿದ್ದ. ಆದರೂ ಮುಖ ಹಾಕಿಕೊಂಡೇ ಬರಬೇಕಲ್ಲ. ಜಗಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಇಸ್ತ್ರಿ ಅಂಗಡಿಯೆಂದರೆ ಮನೆಯ ಮುಂಭಾಗದ ಕೋಣೆ: ಒಂದು ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಗೋಡೆಯುದ್ದಕ್ಕೂ ಬಟ್ಟೆಯ ಗಂಟುಗಳು. ಅವಳು ಯಾರದೋ ಅಂಗಿಯ ತೋಳನ್ನು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಸ್ಟೂಲಿನ ಮೇಲೆ ಗಂಡನ ಗೆಳೆಯ, ದಪ್ಪ ಮೀಸೆಯ ಹಮಾಲಿ, ಕೂತಿದ್ದ. ಮೊದಲು ಮಾತಾಡಿದವನು ಅವನೇ.

“ಏನ್ ಸಾಹೇಬ್ರೆ, ಈ ಸಲ ಯಾರ ಕೈ ಎತ್ತಿಸೋಕೆ ಬಂದ್ರಿ?”

“ಅಮ್ಮಾ, ಒಂದು ಮಾತು ಹೇಳಿ ಹೋಗ್ತೀನಿ.”

“ನಿಮ್ಮ ಮಾತು ಕೇಳಾಯ್ತು” ಎಂದ ಮೀಸೆಯವನು. “ಮೊನ್ನೆ ಗೋದಾಮಿಗೆ ಕಳ್ಳರು ನುಗ್ಗಿದ್ರು, ಗೊತ್ತಾ? ನಾವು ಠಾಣೆಗೆ ಫೋನ್ ಮಾಡ್ಲಿಲ್ಲ. ಕಳ್ಳ ಬಂದ್ರೆ ಮೂಟೆ ಹೋಗುತ್ತೆ. ನೀವು ಬಂದ್ರೆ ಆಳೇ ಹೋಗ್ತಾನೆ.”

ಡ್ರೈವರ್ ತಲೆ ತಗ್ಗಿಸಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅವನು ಬಂದಮೇಲೆ ಮೊದಲ ಸಲ ಅವನತ್ತ ನೋಡಿದಳು. “ಹೇಳ್ಲಿ ಬಿಡಣ್ಣ” ಎಂದಳು.

ಅವನು ಹೇಳಿದ. ಕನ್ನಡಿ, ವಕೀಲರು, ಮೆಕ್ಯಾನಿಕ್, ಎಣ್ಣೆಬಟ್ಟೆ, ಎಲ್ಲವೂ ಹಿಂದುಮುಂದಾಗಿ ಬಾಯಿಂದ ಬಂದವು. ಹೇಳುತ್ತ ಹೇಳುತ್ತ ಇದು ಕಟ್ಟುಕಥೆಯಂತೆ ಅವನಿಗೇ ಕೇಳಿಸತೊಡಗಿತು. ಕೊನೆಗೆ, “ಎತ್ತಿದ್ದು ಬಲಗೈ ಅಮ್ಮಾ. ಖಾಲಿ ಇತ್ತು. ಎಡಗೈ ಪಾಪ ಏಳಲೇ ಇಲ್ಲ. ತೀರ್ಪು ಬದಲಾಗಲ್ಲ, ಗೊತ್ತು. ನೀವೊಬ್ರು ನಂಬಿದ್ರೆ ಸಾಕು” ಎಂದ. ಇಷ್ಟು ದಿನಗಳಲ್ಲಿ ಅವನು ಯಾರನ್ನೂ ಏನನ್ನೂ ಬೇಡಿರಲಿಲ್ಲ.

“ಚೆನ್ನಾಗಿದೆ” ಎಂದ ಮೀಸೆಯವನು. “ಯಾರು ಹೇಳಿಕೊಟ್ರು?”

ಅವಳು ಬೇರೆಯದನ್ನೇ ಕೇಳಿದಳು. “ಎಷ್ಟು ಹೊತ್ತು ಹಾಗೆ ನಿಂತಿದ್ರು?”

“ಏನಮ್ಮಾ?”

“ಕೈ ಎತ್ಕೊಂಡು. ಎಷ್ಟು ಹೊತ್ತು?”

ಅವನು ಯೋಚಿಸಿದ. ಇದನ್ನು ವಿಚಾರಣೆಯಲ್ಲೂ ಯಾರೂ ಕೇಳಿರಲಿಲ್ಲ. “ಸ್ವಲ್ಪ ಹೊತ್ತು. ಸಾಹೇಬ್ರು ಕೂಗಿದ್ರು, ಮತ್ತೆ ಕೂಗಿದ್ರು. ಅಷ್ಟು ಹೊತ್ತು.”

“ನೀವು ನೋಡ್ತಾನೇ ಇದ್ರಾ?”

“ನೋಡ್ತಾನೇ ಇದ್ದೆ.”

ಅವಳು ಇಸ್ತ್ರಿಯ ಸ್ವಿಚ್ಚು ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ವ್ಯಾನು ಬಾಗಿಲಲ್ಲೇ ನಿಂತಿತ್ತು. ಅಭ್ಯಾಸಬಲ, ಅವನು ಇಂಜಿನ್ ಆರಿಸಿರಲಿಲ್ಲ. ಅವಳು ಒಂದು ಸಲ ಗಾಡಿಯನ್ನು, ಒಂದು ಸಲ ಅವನನ್ನು ನೋಡಿದಳು.

“ತೋರಿಸಿ” ಎಂದಳು.

ಅವನು ಹಗ್ಗ ಬಿಚ್ಚಿ ಬಾಗಿಲು ತೆರೆದ. ಅವಳು ಮೆಟ್ಟಿಲಿಗೆ ಕಾಲು ಸಿಗದೆ ಒಮ್ಮೆ ತಡವರಿಸಿ, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು. ಡ್ರೈವರ್ ಸೀಟಿನಲ್ಲಿ ಅವಳು ಚಿಕ್ಕವಳಾಗಿ ಕಂಡಳು. ಅವನು ಕನ್ನಡಿಯನ್ನು ಅವಳ ಎತ್ತರಕ್ಕೆ ಬಗ್ಗಿಸಿಕೊಟ್ಟ. “ಮೊದಲು ಇದರಲ್ಲಿ ನೋಡಿ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ತಿರುಗಿ ನೋಡಿ. ನಾನು ಕೈ ಬದಲಾಯಿಸಲ್ಲ. ಅಣ್ಣನೂ ಕಾವಲಿರಲಿ ಬೇಕಾದ್ರೆ.”

ಮೀಸೆಯವನು ಕೈಕಟ್ಟಿ ಅಂಗಡಿಯ ಬಾಗಿಲಿಗೆ ಒರಗಿ ನಿಂತ. ಡ್ರೈವರ್ ವ್ಯಾನಿನ ಹಿಂದಕ್ಕೆ ನಡೆದ. ಅವತ್ತು ಹಮಾಲಿ ಎಷ್ಟು ದೂರದಲ್ಲಿದ್ದನೋ ಅಂದಾಜಿನಿಂದ ಅಷ್ಟು ದೂರ ಹೋಗಿ ತಿರುಗಿದ. ಬೀದಿಯ ಮನೆಗಳ ಬಾಗಿಲುಗಳಲ್ಲಿ, ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಅವನು ಎಡಗೈಯನ್ನು ಸೊಂಟದ ಪಕ್ಕ ಇಳಿಬಿಟ್ಟು, ಬಲಗೈಯನ್ನು ಮೇಲೆತ್ತಿ ಬೆರಳು ಬಿಡಿಸಿದ.

ಇಲ್ಲಿಂದ ನೋಡಿದರೆ ವ್ಯಾನು ತುಂಬ ಹತ್ತಿರವಿತ್ತು. ಇಷ್ಟು ಹತ್ತಿರವಿತ್ತು ಎಂದು ಅವತ್ತು ಒಳಗೆ ಕೂತವನಿಗೆ ಅನ್ನಿಸಿರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಅವಳ ಮುಖದ ಒಂದು ತುಣುಕು ಕಾಣುತ್ತಿತ್ತು. ಒಂದು ಕಣ್ಣು ಮಾತ್ರ, ರೆಪ್ಪೆ ಹೊಡೆಯದೆ ಅವನನ್ನೇ ನೋಡುತ್ತಿತ್ತು. ಹಮಾಲಿಗೂ ತನ್ನ ಕಣ್ಣು ಹೀಗೇ ಕಂಡಿತ್ತು ಎಂದು ಅವನಿಗೆ ಆಗ ಹೊಳೆಯಿತು.

ಅವಳು ತಲೆ ಹೊರಗೆ ಹಾಕಿ ಹಿಂತಿರುಗಿ ನೋಡಿದಳು. ಅವನ ಎತ್ತಿದ ಕೈಯನ್ನು, ಆಮೇಲೆ ಇಳಿಬಿಟ್ಟ ಕೈಯನ್ನು ನೋಡಿದಳು. ಹೌದು ಎಂಬಂತೆ ತಲೆಯಾಡಿಸಿದಳು. ನಂಬಿದಳು. ಅವನಿಗೆ ಬೇಕಾಗಿದ್ದದ್ದು ಅದೇ, ಅದು ಸಿಕ್ಕಿತು. ಕೈ ಇಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಮತ್ತೆ ಒಳಗೆ ಸರಿದು, ಎರಡೂ ಅಂಗೈಗಳನ್ನು ಸ್ಟೀರಿಂಗಿನ ನಡುವೆ ಇಟ್ಟು ಒತ್ತಿದಳು.

ಹಾರ್ನ್ ಕಿರುಚಿತು. ಮುದಿ ವ್ಯಾನಿನ ಒಡಕು ದನಿಯ ಹಾರ್ನ್. ಅವಳು ಕೈ ತೆಗೆಯಲಿಲ್ಲ. ಮೀಸೆಯವನು ಬೆಚ್ಚಿ ಬಾಗಿಲಿನಿಂದ ಆಚೆ ನೆಗೆದ. ಮಹಡಿಯ ಮೇಲಿನವರು ಬಗ್ಗಿದರು, ಬೀದಿಯ ಕೊನೆಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿದರು, ಪೇಪರು ಓದುತ್ತಿದ್ದವನು ಪೇಪರು ಇಳಿಸಿದ. ಇಡೀ ಬೀದಿ ತನ್ನ ಕೆಲಸ ಬಿಟ್ಟು ಕೈಯೆತ್ತಿ ನಿಂತ ಮನುಷ್ಯನ ಕಡೆಗೆ ನೋಡಿತು. ಅವತ್ತೂ ಹಾರ್ನ್ ಅವನ ಕೈಯಡಿಯಲ್ಲೇ ಇತ್ತು, ಅವನು ಒತ್ತಿರಲಿಲ್ಲ.

ಹಾರ್ನ್ ನಿಲ್ಲಲಿಲ್ಲ. ಡ್ರೈವರ್ ಕೈ ಇಳಿಸಲಿಲ್ಲ.